ತಪ್ಪೊಪ್ಪಿಗೆಯನ್ನು ಕೊನೆಗೆ ಓದುವುದು

ಪರೀಕ್ಷಾ ಅಕ್ರಮಗಳ ವಿಚಾರಣಾ ಸಮಿತಿಗೆ ನನ್ನನ್ನು ಹಾಕಿದಾಗ ಸಿಕ್ಕ ತರಬೇತಿ ಅಂದರೆ ಒಂದು ಲೋಟ ಕಾಫಿ, ಎದುರಿಗೊಂದು ರಾಶಿ ಫೈಲು. ನಾನು ಕೆಮಿಸ್ಟ್ರಿ ಮೇಷ್ಟ್ರು. ಐವರಲ್ಲಿ ಕಾನೂನು ಓದಿದವರು ಒಬ್ಬರೇ. ‘ಎಂಪಿಸಿ ಬುಕ್ ಆಯ್ತು’, ಅಂದರೆ ಮಾಲ್‌ಪ್ರಾಕ್ಟೀಸ್ ಕೇಸು ದಾಖಲಾಯ್ತು, ಅಂತ ಹುಡುಗರು ಹೇಳುತ್ತಾರಲ್ಲ, ಆ ಕೇಸುಗಳು ಕೊನೆಗೆ ಬಂದು ಬೀಳುವುದು ಇಂಥ ಮೇಜಿನ ಮೇಲೆ.

ಪ್ರತಿ ಫೈಲಿನಲ್ಲೂ ಕೊಠಡಿ ಮೇಲ್ವಿಚಾರಕರ ವರದಿ, ವಶಪಡಿಸಿಕೊಂಡ ಚೀಟಿ, ಉತ್ತರ ಪತ್ರಿಕೆ, ಮುಖ್ಯ ಅಧೀಕ್ಷಕರ ಪತ್ರ. ಎಲ್ಲಕ್ಕೂ ಮೇಲೆ ವಿದ್ಯಾರ್ಥಿಯೇ ಬರೆದುಕೊಟ್ಟ ಹೇಳಿಕೆ. ಗುಮಾಸ್ತರು ಅದನ್ನೇ ಮೇಲಿಟ್ಟು ಟ್ಯಾಗ್ ಹಾಕುತ್ತಿದ್ದರು. ಮೊದಲ ದಿನ ನಾವೂ ಅದನ್ನೇ ಮೊದಲು ಓದಿದೆವು. ಒಪ್ಪಿಕೊಂಡಿದ್ದಾನೆ, ಇನ್ನೇನಿದೆ? ಒಂದೊಂದು ಕೇಸಿಗೆ ಐದು ನಿಮಿಷ ಸಾಕಾಯಿತು. ಈಗ ನೆನೆದರೆ ಮುಜುಗರವಾಗುತ್ತದೆ.

ಎರಡನೇ ದಿನ ಒಂದೇ ಕೇಂದ್ರದ ನಾಲ್ಕು ಫೈಲು ಬಂದವು. ನಾಲ್ಕರಲ್ಲೂ ಒಂದೇ ವಾಕ್ಯ: ‘ನಾನು ನಕಲು ಮಾಡುತ್ತಿರುವಾಗ ಸಿಕ್ಕಿಬಿದ್ದಿರುತ್ತೇನೆ, ಇನ್ನು ಮುಂದೆ ಇಂತಹ ತಪ್ಪು ಮಾಡುವುದಿಲ್ಲ.’ ಹತ್ತೊಂಬತ್ತು ವರ್ಷದ ಹುಡುಗರು ‘ಸಿಕ್ಕಿಬಿದ್ದಿರುತ್ತೇನೆ’ ಅಂತ ಬರೆಯುತ್ತಾರೆಯೇ? ಅದು ಕಚೇರಿಯ ಕನ್ನಡ.

ಅವರಲ್ಲೊಬ್ಬಳು ಬಿ.ಎಸ್ಸಿ. ಹುಡುಗಿ. ಹಾಲ್ ಟಿಕೆಟ್‌ನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಏನೋ ಗೀಚಿದ್ದಳು. ಅಪ್ಪ ಹೊರಗೆ ಬೆಂಚಿನ ಮೇಲೆ ಕೂತಿದ್ದರು.

‘ಇದನ್ನ ನೀನೇ ಬರ್ದಿದ್ದೇನಮ್ಮ?’

‘ಹೌದು ಸರ್.’

‘ಮತ್ತೆ ಈ ಹೇಳಿಕೆ?’

‘ಅವ್ರು ಹೇಳಿದ್ರು ಸರ್, ನಾನ್ ಬರ್ದೆ. ಬರೀದಿದ್ರೆ ಮುಂದಿನ ಪೇಪರ್‌ಗೆ ಕೂರಿಸಲ್ಲ ಅಂದ್ರು.’

ಹಾಲ್ ಟಿಕೆಟ್ ಕೈಗೆ ತೆಗೆದುಕೊಂಡೆ. 0.693 ಭಾಗಿಸು 34.65. ನನ್ನದೇ ವಿಷಯ! ಅರ್ಧಾಯುವಿನಿಂದ ರೇಟ್ ಕಾನ್‌ಸ್ಟಂಟ್ ತೆಗೆಯುವ ಲೆಕ್ಕ, ಉತ್ತರ 0.02. ಆ 0.693 ಸೂತ್ರದಲ್ಲೇ ಇರುವ ಸಂಖ್ಯೆ, ಎಲ್ಲರಿಗೂ ಬಾಯಿಪಾಠ, ಮನೆಯಿಂದಲೇ ಬರೆದು ತಂದಿರಬಹುದು. ಆದರೆ 34.65? ಫೈಲಿನಲ್ಲಿ ಆ ದಿನದ ಪ್ರಶ್ನೆಪತ್ರಿಕೆಯೇ ಇರಲಿಲ್ಲ. ಪರೀಕ್ಷಾ ವಿಭಾಗದಿಂದ ತರಿಸಲು ಮುಕ್ಕಾಲು ಗಂಟೆ ಹಿಡಿಯಿತು. ಪ್ರಶ್ನೆಯಲ್ಲಿ ಅದೇ ಸಂಖ್ಯೆ ಇತ್ತು. ಅಂದರೆ ಪ್ರಶ್ನೆಪತ್ರಿಕೆ ಕೈಗೆ ಬಂದ ಮೇಲೆ ಕೂತಲ್ಲೇ ಹಾಕಿದ ಲೆಕ್ಕ ಅದು, ರಫ್ ವರ್ಕ್.

ಹಾಲ್ ಟಿಕೆಟ್ ಮೇಲೆ ಏನೂ ಬರೆಯಬಾರದು ಎಂಬ ನಿಯಮ ಅದರ ಮೇಲೇ ಅಚ್ಚಾಗಿರುತ್ತದೆ ಎಂದು ಒಬ್ಬ ಸದಸ್ಯರು ಹಟ ಹಿಡಿದರು. ನಿಜವೇ. ಆದರೆ ನಿಯಮ ಮೀರಿದ್ದು ಬೇರೆ, ನಕಲು ಬೇರೆ. ಎಚ್ಚರಿಕೆ ಕೊಟ್ಟು ಫಲಿತಾಂಶ ಬಿಡಬಹುದೆಂದು ಶಿಫಾರಸು ಬರೆದೆವು. ಉಳಿದ ಮೂವರಲ್ಲಿ ಇಬ್ಬರ ಚೀಟಿ ಉತ್ತರ ಪತ್ರಿಕೆಯಲ್ಲಿ ತಪ್ಪುಗಳ ಸಮೇತ ಇಳಿದಿತ್ತು. ಅವರ ಕಣ್ಣೀರಿಗೆ ನಾವು ಕರಗಲಿಲ್ಲ.

ಅಂದು ಊಟದ ಹೊತ್ತಿಗೆ ಕಾನೂನಿನವರು 1962ರ ಘನಶ್ಯಾಮದಾಸ್ ಗುಪ್ತ ಪ್ರಕರಣ ಹೇಳಿದರು. ಉತ್ತರ ಪ್ರದೇಶದ ಪರೀಕ್ಷಾ ಮಂಡಳಿ ಮೂವರು ವಿದ್ಯಾರ್ಥಿಗಳನ್ನು ಒಂದು ಮಾತೂ ಕೇಳದೆ ಅವರ ಫಲಿತಾಂಶ ರದ್ದು ಮಾಡಿತ್ತು. ಇಂಥ ಸಮಿತಿಯದು ಅರೆನ್ಯಾಯಿಕ ಕೆಲಸ, ಅಂದರೆ ಕೋರ್ಟಿನ ಹಾಗೆ ವಿಚಾರಿಸಿ ತೀರ್ಮಾನಿಸುವ ಕೆಲಸ, ವಿದ್ಯಾರ್ಥಿಯ ಮಾತು ಕೇಳಲೇಬೇಕು ಎಂದಿತು ಸುಪ್ರೀಂ ಕೋರ್ಟ್. 1970ರಲ್ಲಿ ಬಿಹಾರದ ಒಂದು ಕೇಂದ್ರದ ಸಾಮೂಹಿಕ ನಕಲಿನ ಮೊಕದ್ದಮೆಯಲ್ಲಿ ಮಾತ್ರ, ಇಡೀ ಕೇಂದ್ರದ ಪರೀಕ್ಷೆಯನ್ನೇ ರದ್ದು ಮಾಡುವಾಗ ಒಬ್ಬೊಬ್ಬರನ್ನೂ ಕರೆದು ಕೇಳಬೇಕಿಲ್ಲ ಎಂದಿತು. ಕೇಳುವುದು ಅಂದರೆ ‘ಏನಾದ್ರೂ ಹೇಳೋದಿದ್ಯಾ?’ ಅನ್ನುವುದಷ್ಟೇ ಅಲ್ಲ, ಅವರ ಮೇಲಿರುವ ಕಾಗದವನ್ನು ಅವರ ಕೈಗೇ ಕೊಟ್ಟು ತೋರಿಸಬೇಕು ಅಂದರು.

ಆಮೇಲೆ ನಮ್ಮ ಕ್ರಮ ಬದಲಾಯಿತು. ನೋಟಿಸಿನ ಜೊತೆಗೇ ಮೇಲ್ವಿಚಾರಕರ ವರದಿಯ ನಕಲು ಹೋಗತೊಡಗಿತು. ವಿಚಾರಣೆಯಲ್ಲಿ ಮೊದಲು ಆರೋಪವನ್ನು ಅವರ ಭಾಷೆಯಲ್ಲೇ ಓದಿ ಹೇಳುವುದು, ಚೀಟಿಯನ್ನೂ ಉತ್ತರ ಪತ್ರಿಕೆಯನ್ನೂ ಪ್ರಶ್ನೆಪತ್ರಿಕೆಯ ಪಕ್ಕದಲ್ಲಿಟ್ಟು ತೋರಿಸುವುದು, ಆಮೇಲೆ ಅವರ ಮಾತು. ಒಪ್ಪದಿದ್ದರೆ ಮೇಲ್ವಿಚಾರಕರನ್ನು ಕರೆಸುತ್ತಿದ್ದೆವು. ಅವರು ಗೊಣಗಿಕೊಂಡೇ ಬರುತ್ತಿದ್ದರು. ಹಾಲ್‌ನಲ್ಲಿ ಬರೆಸಿಕೊಂಡ ಹೇಳಿಕೆಯನ್ನು ತೆರೆಯುತ್ತಿದ್ದುದು ಎಲ್ಲ ಮುಗಿದ ಮೇಲೆ. ದಿನಕ್ಕೆ ಮೂವತ್ತು ಕೇಸು ಮುಗಿಸುತ್ತಿದ್ದವರು ಹನ್ನೆರಡಕ್ಕೆ ಇಳಿದೆವು. ಮೇಲಿನವರಿಗೆ ಅದು ಹಿಡಿಸಲಿಲ್ಲ.

ಆ ಹುಡುಗಿಯ ಶಿಫಾರಸು ಮಾತ್ರ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್‌ನ ಸಭೆಗಾಗಿ ಕಾಯುತ್ತ ಬಿದ್ದಿತ್ತು. ಎಂ.ಎಸ್ಸಿ. ಅರ್ಜಿಗೆ ಕೊನೆಯ ದಿನ ಹತ್ತಿರವಾದಾಗ ಅವಳ ಅಪ್ಪ ಫೋನ್ ಮಾಡಿದರು. ಫೈಲು ಹುಡುಕಿಕೊಂಡು ನಾನೇ ಆಡಳಿತ ಕಟ್ಟಡದ ಮೆಟ್ಟಿಲು ಹತ್ತಿದೆ. ಸಿಕ್ಕಾಗ ನೋಡಿದರೆ, ಗುಮಾಸ್ತರು ಮತ್ತೆ ಆ ಹೇಳಿಕೆಯನ್ನೇ ಎಲ್ಲಕ್ಕೂ ಮೇಲಿಟ್ಟು ಟ್ಯಾಗ್ ಹಾಕಿದ್ದರು.