ಶಾಸ್ತ್ರೀಯ ಗಾಯನ ವೃತ್ತಿಯಾಗಬೇಕಾದರೆ: ಪಾಠಾಂತರದಿಂದ ಪಕ್ಕವಾದ್ಯದವರೆಗೆ

ಸಂಗೀತದ ವಿದ್ವತ್ ಪರೀಕ್ಷೆಯಲ್ಲಿ ಉತ್ತೀರ್ಣರಾದ ಮಾತ್ರಕ್ಕೆ ಕಛೇರಿಗಳು ಹುಡುಕಿಕೊಂಡು ಬರುವುದಿಲ್ಲ. ಪರೀಕ್ಷೆಯ ಪ್ರಮಾಣಪತ್ರ ಪಾಠ ಹೇಳುವುದಕ್ಕೆ ಒದಗುತ್ತದೆ. ವೇದಿಕೆಯ ಮೇಲೆ ಎರಡು ಗಂಟೆ ಕುಳಿತು ಹಾಡುವುದಕ್ಕೆ ಬೇಕಾದ ಸಿದ್ಧತೆಯೇ ಬೇರೆ. ಕರ್ನಾಟಕ ಸಂಗೀತದ ಗಾಯನವನ್ನು ವೃತ್ತಿಯಾಗಿ ಆರಿಸಿಕೊಂಡವರು ಆ ಸಿದ್ಧತೆಯನ್ನು ಮಾಡಿಕೊಳ್ಳಬಹುದಾದ ಒಂದು ಕ್ರಮ ಇಲ್ಲಿದೆ.

ಮೊದಲನೆಯದು ಪಾಠಾಂತರ, ಅಂದರೆ ಗುರುಗಳಿಂದ ಕಲಿತು ಕಂಠಸ್ಥವಾಗಿರುವ ಕೃತಿಗಳ ಸಂಗ್ರಹ. ಎಷ್ಟು ಕೃತಿಗಳು ಬರುತ್ತವೆ ಎಂಬುದಕ್ಕಿಂತ ಅವು ಹೇಗೆ ಹಂಚಿಹೋಗಿವೆ ಎಂಬುದು ಮುಖ್ಯ. ತೋಡಿ, ಕಲ್ಯಾಣಿ, ಶಂಕರಾಭರಣ, ಕಾಂಬೋಜಿ, ಭೈರವಿಯಂಥ ವಿಸ್ತಾರದ ರಾಗಗಳಲ್ಲಿ ಆದಿತಾಳದ ಕೃತಿಯೊಂದು, ಮಿಶ್ರಛಾಪು ಅಥವಾ ರೂಪಕ ತಾಳದ ಕೃತಿಯೊಂದು, ನೆರವಲ್ (ಸಾಹಿತ್ಯದ ಒಂದು ಸಾಲನ್ನೇ ಬಗೆಬಗೆಯಾಗಿ ವಿಸ್ತರಿಸಿ ಹಾಡುವುದು) ಮತ್ತು ಕಲ್ಪನಾಸ್ವರಕ್ಕೆ (ಆ ಕ್ಷಣದಲ್ಲೇ ಸ್ವರಗಳನ್ನು ಹೆಣೆದು ಹಾಡುವುದು) ಎಡೆಯಿರುವಂತೆ ಕೈವಶವಾಗಿರಬೇಕು. ತ್ಯಾಗರಾಜರ ಕೃತಿಗಳನ್ನು ಎಲ್ಲರೂ ಹಾಡುತ್ತಾರಾದ್ದರಿಂದ ಹೊಸಬರು ಮೈಸೂರಿನ ವಾಗ್ಗೇಯಕಾರರ (ಸಾಹಿತ್ಯ, ಸಂಗೀತ ಎರಡನ್ನೂ ರಚಿಸಿದವರ) ಕಡೆ ಗಮನ ಹರಿಸುವುದು ಜಾಣತನ: ವಾಸುದೇವಾಚಾರ್ಯರ ಕೃತಿಗಳಿವೆ, ಜಯಚಾಮರಾಜ ಒಡೆಯರ ರಚನೆಗಳಿವೆ, ಮುತ್ತಯ್ಯ ಭಾಗವತರು ಚಾಮುಂಡೇಶ್ವರಿಯನ್ನು ಕುರಿತು ಕನ್ನಡದಲ್ಲಿ ರಚಿಸಿದ 108 ಕೃತಿಗಳಿವೆ. ಇವುಗಳಲ್ಲಿ ಕೆಲವನ್ನಾದರೂ ಗುರುಮುಖೇನ ಕಲಿತವರ ಹೆಸರು ಸಂಘಟಕರ ನೆನಪಿನಲ್ಲಿ ಉಳಿಯುತ್ತದೆ.

ಎರಡನೆಯದು ಕಛೇರಿಯಲ್ಲಿ ಹಾಡುವ ಕೃತಿಗಳ ಪಟ್ಟಿ ಕಟ್ಟುವ ಕಲೆ. ಹಿಂದಿನ ತಲೆಮಾರಿನ ಹೆಸರಾಂತ ಗಾಯಕ ಅರಿಯಕುಡಿ ರಾಮಾನುಜ ಅಯ್ಯಂಗಾರರು ರೂಢಿಗೆ ತಂದ ಕ್ರಮವೇ ಇಂದಿಗೂ ಹೆಚ್ಚುಕಡಿಮೆ ನಡೆದಿದೆ. ಟಿಪ್ಪಣಿ ಪುಸ್ತಕದಲ್ಲಿ ರಾಗ, ತಾಳ, ರಚನಕಾರ, ನಿಮಿಷ ಎಂದು ನಾಲ್ಕು ಸಾಲುಗಳನ್ನು ಎಳೆದು ಬರೆದುಕೊಳ್ಳಿ. ವರ್ಣ, ಗಣಪತಿಯ ಕೃತಿ, ಚುರುಕಾದ ಒಂದೆರಡು ಕೃತಿಗಳು ಮುಗಿಯುವ ಹೊತ್ತಿಗೆ ಮುಕ್ಕಾಲು ಗಂಟೆ ದಾಟಿರಬಾರದು. ಪ್ರಧಾನ ರಾಗ ಕಲ್ಯಾಣಿಯಾದರೆ ಅದರ ಬೆನ್ನ ಹಿಂದೆಯೇ ಅದರಂತೆಯೇ ಪ್ರತಿಮಧ್ಯಮ (ಏರಿದ ಮಧ್ಯಮ ಸ್ವರ) ಇರುವ ಮತ್ತೊಂದು ರಾಗವನ್ನು ಇಡಬಾರದು. ತಾಳವಾದ್ಯದವರು ತಾವೇ ನುಡಿಸುವ ತನಿ ಆವರ್ತನಕ್ಕೆ ಹತ್ತು ನಿಮಿಷಕ್ಕಿಂತ ಕಡಿಮೆ ಕೊಟ್ಟರೆ ಮೃದಂಗದವರಿಗೆ ಅನ್ಯಾಯ, ದೇವರನಾಮಗಳಿಗೆ ಹೊತ್ತು ಉಳಿಸದಿದ್ದರೆ ಶ್ರೋತೃಗಳಿಗೆ. ಅಪರೂಪದ ರಾಗವನ್ನೋ ಕ್ಲಿಷ್ಟವಾದ ಪಲ್ಲವಿಯನ್ನೋ ಹಾಡುವುದಿದ್ದರೆ ಪಿಟೀಲಿನವರಿಗೆ ಹಿಂದಿನ ದಿನವೇ ತಿಳಿಸುವುದು ಸೌಜನ್ಯ. ವೇದಿಕೆಯ ಮೇಲೆ ಅವರನ್ನು ಪರೀಕ್ಷಿಸುವುದರಲ್ಲಿ ವಿದ್ವತ್ತೇನೂ ಇಲ್ಲ.

ಅನಂತರ ಮಾನ್ಯತೆ. ಆಕಾಶವಾಣಿಯ ಆಡಿಷನ್‌ನಲ್ಲಿ ದೊರೆಯುವ ಬಿ, ಬಿ-ಹೈ, ಎ, ಎ-ಟಾಪ್ ಶ್ರೇಣಿಗಳನ್ನು ಕಛೇರಿ ಏರ್ಪಡಿಸುವ ಅನೇಕ ಸಂಗೀತ ಸಭೆಗಳು ಈಗಲೂ ಕೇಳುತ್ತವೆ. 18ರಿಂದ 25 ವರ್ಷದವರು ಕೇಂದ್ರ ಸಂಸ್ಕೃತಿ ಸಚಿವಾಲಯದ ಯುವ ಕಲಾವಿದರ ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕಬಹುದು. ಎರಡು ವರ್ಷದ ಆ ನೆರವು ಗುರುಗಳ ಬಳಿ ಉನ್ನತ ಶಿಕ್ಷಣ ಮುಂದುವರಿಸಲು ಅನುಕೂಲ.

ಅವಕಾಶಗಳಿಗೆ ಪಂಚಾಂಗವೇ ದಾರಿ ತೋರಿಸುತ್ತದೆ. ರಾಮನವಮಿ, ಗಣೇಶೋತ್ಸವ, ನವರಾತ್ರಿ, ಪುಷ್ಯಮಾಸದಲ್ಲಿ ಬರುವ ತ್ಯಾಗರಾಜ ಮತ್ತು ಪುರಂದರ ಆರಾಧನೆಗಳು ಹೊಸಬರ ಸುಗ್ಗಿ. 1905ರಿಂದ ನಡೆದುಬಂದಿರುವ ಬೆಂಗಳೂರು ಗಾಯನ ಸಮಾಜದಂಥ ವೇದಿಕೆಗಾಗಲಿ, ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿಯ ಉತ್ಸವಕ್ಕಾಗಲಿ ಏರುವ ಮೊದಲು ಪಾನಕ, ಕೋಸಂಬರಿ ಹಂಚುವ ಬಡಾವಣೆಯ ಮಂಟಪಗಳಲ್ಲಿ ಹಾಡಿ ಪಳಗಬೇಕು. ಸದ್ದುಗದ್ದಲದ ನಡುವೆ ಶ್ರುತಿ ಬಿಡದೆ ಹಾಡುವ ಅಭ್ಯಾಸ ಬೇರೆಲ್ಲೂ ಸಿಗುವುದಿಲ್ಲ. ಸಂಘಟಕರಿಗೆ ನಾಲ್ಕೈದು ತಿಂಗಳು ಮೊದಲೇ ಪತ್ರ ಬರೆದು, ಸ್ಟುಡಿಯೋದಲ್ಲಿ ತಿದ್ದಿದ ಹಾಡಿಗೆ ಬದಲು ಕಛೇರಿಯೊಂದರ ಹತ್ತು ನಿಮಿಷದ ನೇರ ಧ್ವನಿಮುದ್ರಣವನ್ನು ಕಳುಹಿಸಬೇಕು. ಚೆನ್ನೈನ ಡಿಸೆಂಬರ್ ಸಂಗೀತೋತ್ಸವಗಳ ಋತುವಿಗೆ ಆತುರ ಬೇಡ. ದೇಣಿಗೆ ಕೊಟ್ಟರೆ ಅವಕಾಶ ಎನ್ನುವವರಿಗೆ, ಅವರು ಎಲ್ಲಿಯವರೇ ಆಗಲಿ, ನಮಸ್ಕಾರ ಹೇಳಿ ಬಂದುಬಿಡುವುದು ಲೇಸು.

ಹಣದ ಮಾತನ್ನು ಯಾರೂ ಆಡುವುದಿಲ್ಲ, ಆದರೆ ಆಡಲೇಬೇಕು. ಬಹಳ ಕಡೆ ಸಂಭಾವನೆಯನ್ನು ಒಟ್ಟಾಗಿ ಗಾಯಕರ ಕೈಗೇ ಕೊಡುತ್ತಾರೆ. ಪಕ್ಕವಾದ್ಯದವರ ಪಾಲನ್ನು ಮೊದಲೇ ಗೊತ್ತುಮಾಡಿ ಅದೇ ರಾತ್ರಿ ಸಲ್ಲಿಸುವವರ ಜೊತೆ ಒಳ್ಳೆಯ ವಾದಕರು ಮತ್ತೆ ಮತ್ತೆ ಕೂರುತ್ತಾರೆ. ಮೊದಲ ಹಲವು ವರ್ಷ ಮನೆ ನಡೆಸುವುದು ಪಾಠವೇ. ಅಮೆರಿಕದಲ್ಲಿರುವ ಕನ್ನಡಿಗರ ಮಕ್ಕಳಿಗೆ ಆನ್‌ಲೈನ್ ಪಾಠ ಹೇಳುವವರು ಒಂದು ಎಚ್ಚರ ವಹಿಸಬೇಕು: ಅವರ ಸಂಜೆ ನಮ್ಮ ಬೆಳಗಿನ ಜಾವವಾದ್ದರಿಂದ ಸ್ವಂತ ಸಾಧನೆಯ ಹೊತ್ತನ್ನೇ ಅದು ನುಂಗಿಬಿಡುತ್ತದೆ. ವಾರದಲ್ಲಿ ನಾಲ್ಕು ದಿನವಾದರೂ ಆ ಹೊತ್ತನ್ನು ಮಂದ್ರಸ್ಥಾಯಿಯ (ಕೆಳಗಿನ ಸ್ವರಗಳ) ಅಕಾರ ಸಾಧನೆಗೆ, ಅಂದರೆ ‘ಆ’ ಎಂದು ಎಳೆದು ಹಾಡುವ ಅಭ್ಯಾಸಕ್ಕೆ, ಮೀಸಲಿಡಬೇಕು.

ವಯಸ್ಸಾದಂತೆ ಕಂಠ ಬದಲಾಗುತ್ತದೆ. ತಾರಸ್ಥಾಯಿಯಲ್ಲಿ (ಮೇಲಿನ ಸ್ವರಗಳಲ್ಲಿ) ಒತ್ತಡ ಹಾಕಿ ಹಾಡುವ ಬದಲು ಶ್ರುತಿಯನ್ನು ಅರ್ಧ ಮನೆ ಇಳಿಸಲು ಸಂಕೋಚ ಪಡಬೇಕಾಗಿಲ್ಲ. ಹಾಗೆ ಇಳಿಸಿದಾಗ ಮೃದಂಗದವರಿಗೆ ಮೊದಲೇ ಫೋನ್ ಮಾಡಿ ಹೇಳಿ, ಅವರು ಆ ಶ್ರುತಿಗೆ ಹೊಂದುವ ಮೃದಂಗವನ್ನು ತರಬೇಕಾಗುತ್ತದೆ.