ಚೀಟಿಯಲ್ಲಿದ್ದ 'ಆಲ್ಕೊಹಾಲಿಕ್'

ಬದಿಯಡ್ಕದ ಹತ್ತಿರ ನನ್ನದೊಂದು ಸಣ್ಣ ಕ್ಲಿನಿಕ್ ಇದೆ. 2022ರಲ್ಲಿ ಒಬ್ಬ ಅಕ್ಕ ಚೀಟಿ ಹಿಡಿದುಕೊಂಡು ವಾಪಸ್ ಬಂದರು. ವಯಸ್ಸು 56, ಅಡಿಕೆ ತೋಟದ ಮನೆಯವರು. "ಇದೆಂತ ಬರೆದದ್ದು ಡಾಕ್ಟ್ರೇ? ಸೊಸೆ ಓದಿ ನನ್ನ ಮುಖ ಮುಖ ನೋಡ್ತಾಳೆ."

ನಾನು ಬರೆದದ್ದು 'ನಾನ್-ಆಲ್ಕೊಹಾಲಿಕ್ ಫ್ಯಾಟಿ ಲಿವರ್', ಅಂದರೆ ಲಿವರಿನಲ್ಲಿ ಕೊಬ್ಬು ತುಂಬುವ ಕಾಯಿಲೆ. ಸೊಸೆಯ ಕಣ್ಣಿಗೆ ಬಿದ್ದದ್ದು ನಡುವಿನ ಪದ ಮಾತ್ರ. ನಾನ್ ಅಂದರೆ ಅಲ್ಲ, ಇದು ಕುಡಿತದಿಂದ ಬಂದದ್ದಲ್ಲ ಅಂತ ಬಿಡಿಸಿ ಹೇಳಿದೆ.

"ಹಾಗಾದ್ರೆ ಎಂತದರಿಂದ?"

ಆ ಹೆಸರಿನಲ್ಲಿ ಇದಕ್ಕೆ ಉತ್ತರವೇ ಇರಲಿಲ್ಲ. ನಾನೂ ಸುಮ್ನೆ "ಎಣ್ಣೆ ಕಮ್ಮಿ ಮಾಡಿ, ನಡೀರಿ" ಅಂತ ಕಳಿಸಿದೆ. ಸೊಂಟ ಅಳೆಯಲಿಲ್ಲ, ಶುಗರ್ ಬರೆಯಲಿಲ್ಲ. ಕುಡಿಯುವುದಿಲ್ಲ ಅಂತ ಗೊತ್ತಾದ ಕೂಡಲೇ ನನ್ನ ವಿಚಾರಣೆ ಮುಗಿದಿತ್ತು.

2023ರ ಜೂನ್‌ನಲ್ಲಿ ಲಿವರ್ ತಜ್ಞರ ಅಂತರರಾಷ್ಟ್ರೀಯ ಸಂಘಗಳು ಸೇರಿ ಈ ಕಾಯಿಲೆಯ ಹೆಸರು ಬದಲಿಸಿದವು. ಹೊಸದು ಎಂಎಎಸ್‌ಎಲ್‌ಡಿ. ಬಿಡಿಸಿ ಹೇಳಿದರೆ ಮೆಟಬಾಲಿಕ್ ಡಿಸ್‌ಫಂಕ್ಷನ್-ಅಸೋಸಿಯೇಟೆಡ್ ಸ್ಟಿಯಾಟೋಟಿಕ್ ಲಿವರ್ ಡಿಸೀಸ್. ನನ್ನ ನಾಲಿಗೆಯೇ ತೊಡರುತ್ತದೆ, ರೋಗಿಗಳ ಹತ್ತಿರ ಹೇಳುವುದೇ ಇಲ್ಲ. ಆದರೆ ಈ ಹೆಸರು ಹಾಕಬೇಕಾದರೆ ಲಿವರ್ ಕೊಬ್ಬಿನ ಜೊತೆ ಐದರಲ್ಲಿ ಒಂದಾದರೂ ಕಾಣಬೇಕು: ಜಾಸ್ತಿ ತೂಕ ಅಥವಾ ಸೊಂಟ, ಶುಗರ್, ಬಿಪಿ, ಟ್ರೈಗ್ಲಿಸರೈಡ್ ಅನ್ನುವ ರಕ್ತದ ಕೊಬ್ಬು, ಕಡಿಮೆ ಎಚ್‌ಡಿಎಲ್ ಅಂದರೆ ಒಳ್ಳೆಯ ಕೊಲೆಸ್ಟ್ರಾಲ್. ಅಂದರೆ ಅಳೆಯದೆ ಬರೆಯುವ ಹಾಗಿಲ್ಲ. ಮೇಜಿನ ಖಾನೆಯಲ್ಲಿ ದರ್ಜಿ ಟೇಪು ಬಂದದ್ದು ಹಾಗೆ. ನಮ್ಮವರಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಜಾಸ್ತಿ ಅಂತ ಲೆಕ್ಕ.

ಆ ಅಕ್ಕನನ್ನು ಮತ್ತೆ ಕರೆಸಿದೆ. ಸೊಂಟ 92. ಖಾಲಿ ಹೊಟ್ಟೆಯ ಶುಗರ್ 118. ಟ್ರೈಗ್ಲಿಸರೈಡ್ 210. ಮೂರೂ ಜಾಸ್ತಿಯೇ. ಮೊದಲಿನ ಸ್ಕ್ಯಾನ್ ರಿಪೋರ್ಟ್ 'ಗ್ರೇಡ್ 1' ಅಂದಿದ್ದರಿಂದ ನಾವಿಬ್ಬರೂ ನಿಶ್ಚಿಂತರಾಗಿದ್ದೆವು. ಆ ಗ್ರೇಡು ಕೊಬ್ಬಿನದ್ದು, ಲಿವರ್ ಒಳಗೆ ಗಾಯದ ಹಾಗೆ ಗಟ್ಟಿ ಕಲೆ ಕಟ್ಟಿದೆಯಾ ಅಂತ ಅದು ಹೇಳುವುದಿಲ್ಲ. ಅದಕ್ಕೆ ಫಿಬ್-4 ಅಂತ ಒಂದು ಲೆಕ್ಕ ಇದೆ, ವಯಸ್ಸು, ರಕ್ತ ಪರೀಕ್ಷೆಯಲ್ಲಿ ಸಿಗುವ ಎಎಸ್‌ಟಿ, ಎಎಲ್‌ಟಿ ಎಂಬ ಲಿವರ್ ಕಿಣ್ವಗಳು, ಪ್ಲೇಟ್‌ಲೆಟ್ ಸಂಖ್ಯೆ ಸಾಕು. 1.3ಕ್ಕಿಂತ ಕಡಿಮೆ ಇದ್ದರೆ ಸಮಾಧಾನ, 2.67 ದಾಟಿದರೆ ಗಂಭೀರ. ಇವರದ್ದು 1.96, ನಡುವೆ ಬಂತು. ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಫೈಬ್ರೋಸ್ಕ್ಯಾನಿಗೆ ಮಂಗಳೂರಿಗೆ ಕಳಿಸಿದೆ. ಸ್ವಲ್ಪ ಕಲೆ ಶುರುವಾಗಿತ್ತು. ಒಂದು ವರ್ಷ ಕಳೆದುಕೊಂಡದ್ದು ನನ್ನ ತಪ್ಪು.

ಕುಡಿಯುವವರ ವಿಷಯದಲ್ಲೂ ಹೀಗೇ. ದಿನಾ ಎರಡು ಲಾರ್ಜ್ (60 ಮಿ.ಲೀ.ಯ ಪೆಗ್) ಹಾಕುವ ಒಬ್ಬ ಅಣ್ಣನಿಗೆ 'ಕುಡಿತ' ಅಂತ ಬರೆದು ಕೈತೊಳೆದುಕೊಂಡಿದ್ದೆ. ಅವರಿಗೆ ಶುಗರೂ ಇತ್ತು. ಎರಡೂ ಸೇರಿದವರಿಗೆ ಈಗ ಮೆಟ್‌ಎಎಲ್‌ಡಿ ಅಂತ ಬೇರೆ ಹೆಸರಿದೆ. ಗಂಡಸರಲ್ಲಿ ದಿನಕ್ಕೆ ಸರಾಸರಿ 30ರಿಂದ 60 ಗ್ರಾಂ ಆಲ್ಕೊಹಾಲ್ ಅದರ ಮಿತಿ. ಎರಡು ಲಾರ್ಜ್ ಅಂದರೆ ಸುಮಾರು 40 ಗ್ರಾಂ. ಈಗ "ಕುಡೀತೀರಾ" ಬದಲು "ವಾರಕ್ಕೆ ಎಷ್ಟು" ಅಂತ ಕೇಳುತ್ತೇನೆ, ಸತ್ಯ ಸ್ವಲ್ಪ ಜಾಸ್ತಿ ಹೊರಬರುತ್ತದೆ.

ಅಕ್ಕನಿಗೆ ಅನ್ನ ಒಂದು ಸೌಟು ಕಮ್ಮಿ, ಚಹಾಕ್ಕೆ ಸಕ್ಕರೆ ಇಲ್ಲ, ಸಂಜೆ ತೋಟಕ್ಕೆ ಎರಡು ಸುತ್ತು ಅಂತ ಹೇಳಿದೆ. 71 ಕೆ.ಜಿ. ಇದ್ದವರು 65ಕ್ಕೆ ಬಂದಿದ್ದಾರೆ. ಈಗಲೂ ಚೀಟಿಯನ್ನು ಬಾಗಿಲ ಹತ್ತಿರ ನಿಂತು ಪೂರ್ತಿ ಓದಿಯೇ ಹೊರಡುವುದು.