ಕಾಟು ಹಾಕಿದ 148

ಯಲಬುರ್ಗಾ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಪ್ರಯೋಗವೆಂದರೆ ನಾನು ಬೋರ್ಡಿನ ಮೇಲೆ ಉದ್ದೇಶ, ವಿಧಾನ, ಫಲಿತಾಂಶ ಬರೆಯುವುದು, ಮಕ್ಕಳು ಇಳಿಸಿಕೊಳ್ಳುವುದು ಎಂದಾಗಿಬಿಟ್ಟಿತ್ತು. ಬೇಸರ ಬಂದು, ಒಂಬತ್ತನೆಯ ತರಗತಿಯಲ್ಲಿ ಒಮ್ಮೆ ಪ್ರಶ್ನೆಯನ್ನೇ ಅವರಿಗೆ ಬಿಟ್ಟೆ. ಅವರು ತಂದದ್ದು ಹೊಲದ ಪ್ರಶ್ನೆ: ನೀರು ಹೆಚ್ಚು ಹಿಡಿಯುವುದು ಕಪ್ಪು ಎರೆ ಮಣ್ಣೋ, ಕೆಂಪು ಮಸಾರಿಯೋ? ಹಿಂಗಾರಿ ಜೋಳ, ಕಡಲೆ ಎರೆಯ ತೇವದಲ್ಲೇ ಬೆಳೆಯುವ ಸೀಮೆ ಇದು. ಉತ್ತರ ಎಲ್ಲರಿಗೂ ಗೊತ್ತಿತ್ತು. ತೊಡಕಾದದ್ದು ಅದೇ.

ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ, ಬಾಯಿಗೆ ಬಟ್ಟೆ ಕಟ್ಟಿ, ತಲೆಕೆಳಗಾಗಿ ನಿಲ್ಲಿಸಿದರು. 200 ಗ್ರಾಂ ಒಣ ಮಣ್ಣು, 200 ಮಿಲಿಲೀಟರ್ ನೀರು. ಅರ್ಧ ಗಂಟೆಯಲ್ಲಿ ಇಳಿದದ್ದನ್ನು ಅಳೆಯಬೇಕು. ಮಸಾರಿಯಿಂದ 150ರ ಆಸುಪಾಸು ಇಳಿಯಿತು. ಎರೆಯಲ್ಲಿ ಮೂರು ಗುಂಪುಗಳಿಗೆ 30 ದಾಟಲಿಲ್ಲ. ನಾಲ್ಕನೆಯ ಗುಂಪಿನ ಹುಡುಗಿ 148ಕ್ಕೆ ಕಾಟು ಹಾಕಿ 28 ಎಂದು ಬರೆದಿದ್ದಳು.

“ಯಾಕಮ್ಮಾ?”

“ತಪ್ಪು ಬಂದಿತ್ತು ಸರ್.”

ಬೈಯಲು ಬಾಯಿ ಬರಲಿಲ್ಲ. ಬಿ.ಎಸ್ಸಿ. ಓದುವಾಗ ಲೋಲಕದ ಪ್ರಯೋಗದಲ್ಲಿ ಗುರುತ್ವ ವೇಗೋತ್ಕರ್ಷದ ಲೆಕ್ಕವನ್ನು ಪುಸ್ತಕದ 9.8ಕ್ಕೆ ಹೊಂದಿಸಿದವನು ನಾನು.

ಅವಳ ಬಾಟಲಿ ನೋಡಿದೆ. ಉಳಿದವರು ಮಣ್ಣನ್ನು ಕುಟ್ಟಿ ಪುಡಿ ಮಾಡಿದ್ದರು, ಇವಳು ಹೆಂಟೆಗಳನ್ನೇ ತುಂಬಿದ್ದಳು. ಬಿರುಕು ಬಿಟ್ಟ ಎರೆ ಹೊಲಕ್ಕೆ ಮೊದಲ ಮಳೆ ಇಳಿಯುವಂತೆ ನೀರು ಸಂದಿಗಳಿಂದ ನೇರ ಇಳಿದುಹೋಗಿತ್ತು. ಕುಟ್ಟಬೇಕೋ ಬೇಡವೋ ಎಂಬುದನ್ನು ನಾವು ಮೊದಲೇ ತೀರ್ಮಾನಿಸಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಮತ್ತೆ ಮಾಡಿದೆವು. ಒಂದೇ ಹೊಲದ ಎರೆ, ಅದೇ ತೂಕ. ಬದಲಾಗುವುದು ಹೆಂಟೆ ಅಥವಾ ಪುಡಿ ಮಾತ್ರ. ಪುಡಿಗೆ 26, 31, 24 ಬಂತು. ಹೆಂಟೆಗೆ 139, 151, 120. ಬರೀ ಸರಾಸರಿ ಬರೆಯಲು ಹೊರಟವರನ್ನು ತಡೆದೆ. ಪುಡಿಯ ಅಂಕಿಗಳು ಒತ್ತಟ್ಟಿಗಿವೆ, ಹೆಂಟೆಯವು ಯಾಕೆ ಚದುರಿವೆ? ಹೆಂಟೆಗಳು ಒಂದೇ ಗಾತ್ರದವಲ್ಲ ಎಂದು ಅವರೇ ಹಿಡಿದರು.

ನನ್ನನ್ನು ನಿಜಕ್ಕೂ ಸಿಕ್ಕಿಸಿದವನು ಹಿಂದಿನ ಸಾಲಿನ ಹುಡುಗ. “ಸರ್, ನೀರು ಪುಡಿಯ ಮೇಲೆ ಇನ್ನೂ ನಿಂತಿದೆ. ಅದನ್ನು ಮಣ್ಣು ಹಿಡಿದಿದೆ ಎನ್ನಬಹುದೇ?” ಅರ್ಧ ಗಂಟೆಯಲ್ಲಿ ನಾವು ಅಳೆದದ್ದು ನೀರು ಇಳಿಯುವ ವೇಗವನ್ನು, ಹಿಡಿಯುವುದನ್ನು ಅಳೆದಿರಲೇ ಇಲ್ಲ. ಬಾಟಲಿಗಳ ಮೇಲೆ ಮುಚ್ಚಳ ಇಟ್ಟು ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಪುಡಿ ಎರೆಯಿಂದ ಒಟ್ಟು 95, ಮಸಾರಿಯಿಂದ 155 ಇಳಿದಿತ್ತು.

ಹೆಂಟೆಯ ಬಾಟಲಿಗೆ ಆ ಹುಡುಗಿ ಮತ್ತೆ 200 ಸುರಿದಳು. ಮಣ್ಣು ಉಬ್ಬಿ ಸಂದಿಗಳು ಮುಚ್ಚಿದ್ದವು. ಈ ಸಲ ನೀರು ತೊಟ್ಟಿಕ್ಕಿತು. ಅವಳು 148ರ ಕಾಟು ಅಳಿಸಲು ರಬ್ಬರ್ ಕೇಳಿದಳು. ಪೆನ್ನಿನಲ್ಲಿ ಹಾಕಿದ್ದು, ಅಳಿಯಲಿಲ್ಲ.